ಬಾರದವರ ಲೆಕ್ಕ

ಸಂಘವೊಂದರ ವಾರ್ಷಿಕ ಮಹಾಸಭೆಗೆ ಹೋಗಿ ಬಂದವರೆಲ್ಲರಿಗೂ ಅಲ್ಲಿ ಓದಲಾಗುವ ವರದಿಯ ಪರಿಚಯವಿದ್ದೇ ಇರುತ್ತದೆ. ಪ್ರಾರ್ಥನೆಯಾಗುತ್ತದೆ, ಸ್ವಾಗತವಾಗುತ್ತದೆ, ತರುವಾಯ ಕಾರ್ಯದರ್ಶಿಗಳು ಎದ್ದು ನಿಂತು, ವರ್ಷದಲ್ಲಿ ಜರಗಿದ ಕಾರ್ಯಕ್ರಮಗಳೆಷ್ಟು, ಹಂಚಿದ ಪುಸ್ತಕಗಳೆಷ್ಟು, ಕೂಡಿಬಂದ ದೇಣಿಗೆಯೆಷ್ಟು, ಹೊಸದಾಗಿ ಸೇರಿದ ಸದಸ್ಯರೆಷ್ಟು ಎಂಬುದನ್ನು ಸಾಂಗವಾಗಿ ನಿವೇದಿಸುತ್ತಾರೆ. ಕರತಾಡನವಾಗುತ್ತದೆ. ಆದರೆ ಕಳೆದ ವರ್ಷ ಇದೇ ಸಭೆಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದು ಈ ವರ್ಷ ಕಾಣಿಸದೆ ಹೋದವರೆಷ್ಟು ಮಂದಿ, ಅವರೆಲ್ಲಿಗೆ ಹೋದರು, ಏನಾದರು ಎಂಬ ಲೆಕ್ಕವನ್ನು ಯಾವ ವರದಿಯಲ್ಲಿಯೂ ನಾವು ಕೇಳಿದ್ದಿಲ್ಲ. ಅನ್ಯರನ್ನು ಆಕ್ಷೇಪಿಸುವುದಕ್ಕೆ ಈ ಮಾತನ್ನು ಆಡುತ್ತಿಲ್ಲ. ನಾವು ಕಾರ್ಯದರ್ಶಿಯಾಗಿದ್ದಾಗ ನಾವೂ ಅಂಥ ಲೆಕ್ಕವನ್ನು ಓದಿದವರಲ್ಲ. ಓದದೆ ಹೋದುದರ ಫಲವೇನಾಯಿತೆಂಬುದನ್ನು ಮೊದಲು ಅರಿಕೆ ಮಾಡಿಕೊಂಡು, ಅನಂತರ ವಿಷಯಕ್ಕೆ ಬರುವೆವು.

ಒಂದು ಅಂಚೆಕಾರ್ಡು

ನಾವು ಬಾಂದ್ರಾದಲ್ಲಿ ಹೋಟೆಲು ನಡೆಸುತ್ತಿದ್ದ ಕಾಲವದು, 2010ನೆಯ ಇಸವಿ. ಎಸ್.ಎಸ್.ಎಲ್.ಸಿ. ಮುಗಿಸಿ ಊರು ಬಿಟ್ಟು ಬಂದು, ಮೇಜು ಒರೆಸುವುದರಿಂದ ತೊಡಗಿ ಗಲ್ಲೆಯ ಮೇಲೆ ಕೂರುವವರೆಗಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದ ನಮಗೆ, ಆ ವರ್ಷ ಸ್ಥಳೀಯ ಸಂಘವೊಂದರ ಕಾರ್ಯದರ್ಶಿತ್ವವೂ ಒದಗಿ ಬಂದಿತ್ತು. ಬಾಂದ್ರಾ ಪೂರ್ವದ ಶಾಲೆಯೊಂದರ ಕೊಠಡಿಯಲ್ಲಿ ತಿಂಗಳಿಗೊಂದು ಆದಿತ್ಯವಾರ ಸಂಜೆ ಸಭೆ. ಸದಸ್ಯರಲ್ಲಿ ಅರ್ಧದಷ್ಟು ಹೋಟೆಲು ಕೆಲಸದವರು, ಉಳಿದರ್ಧ ಬ್ಯಾಂಕು, ಕಚೇರಿಗಳ ಗುಮಾಸ್ತರು.

ಆ ಸಂಘದಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರಿದ್ದರು. ಸ್ಟೇಷನ್ನಿಗೆ ಹತ್ತಿರದ ಹೋಟೆಲೊಂದರಲ್ಲಿ ದೋಸೆಕಲ್ಲಿನ ಮುಂದೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಿಂತವರು. ಎಲ್ಲರೂ ಅವರನ್ನು ‘ಅಣ್ಣ’ ಎಂದೇ ಕರೆಯುತ್ತಿದ್ದುದು. ಸಭೆಗೆ ಅರ್ಧ ಗಂಟೆ ಮುಂಚಿತವಾಗಿ ಬಂದು, ಬೆಂಚುಗಳನ್ನು ಸರಿಸಿ ಜಮಖಾನೆ ಹಾಸುವವರು ಅವರು. ಸಭೆ ಮುಗಿದು ನಾವೆಲ್ಲ ಮೆಟ್ಟಿಲಿಳಿದು ಮಾತನಾಡುತ್ತ ನಿಂತಿರುವಾಗ, ಅದನ್ನು ಕೊಡವಿ ಮಡಚಿ ಕಪಾಟಿನಲ್ಲಿರಿಸಿ ಬೀಗದ ಕೈಯನ್ನು ನಮ್ಮ ಕೈಗಿಡುವವರೂ ಅವರೇ. ವೇದಿಕೆಯ ಮೇಲೆ ಅವರನ್ನು ಕಂಡವರಿಲ್ಲ. ಸಭೆಯಲ್ಲಿ ಅವರು ಮಾತನಾಡಿದ್ದೂ ನಮಗೆ ನೆನಪಿಲ್ಲ.

ಆ ವರ್ಷ ನಡುವಿನ ಕೆಲವು ತಿಂಗಳು ಅವರು ಬರಲಿಲ್ಲ. ಜಮಖಾನೆಯನ್ನು ಬೇರೆ ಯಾರೋ ಹಾಸಿದರು. ಕೆಲವೊಮ್ಮೆ ಹಾಸದೆಯೂ ನಡೆಯಿತು. ನಮಗೆ ಅದು ಗಮನಕ್ಕೆ ಬಂದಿತ್ತೇ ಎಂದು ಕೇಳಿದರೆ, ಬಂದಿತ್ತು ಎಂದು ಹೇಳುವ ಧೈರ್ಯ ನಮಗಿಲ್ಲ. ವರ್ಷಾಂತ್ಯಕ್ಕೆ ಕೋಶಾಧಿಕಾರಿಗಳು ಚಂದಾ ಬಾಕಿಯವರ ಪಟ್ಟಿಯನ್ನು ತಂದಿರಿಸಿದರು. ‘ತಮ್ಮ ಚಂದಾ ಬಾಕಿಯಿದ್ದು, ತಿಂಗಳೊಳಗೆ ಪಾವತಿಯಾಗದಿದ್ದಲ್ಲಿ ತಮ್ಮ ಹೆಸರನ್ನು ಸದಸ್ಯರ ಪಟ್ಟಿಯಿಂದ ತೆಗೆಯಲಾಗುವುದು’ ಎಂದು ಅಚ್ಚು ಹಾಕಿಸಿದ ಅಂಚೆಕಾರ್ಡುಗಳ ಕಟ್ಟಿನ ಮೇಲೆ, ಗಲ್ಲೆಯಲ್ಲಿ ಕುಳಿತು ಚಿಲ್ಲರೆ ಕೊಡುವುದರ ನಡುವೆಯೇ ನಾವು ರುಜು ಹಾಕುತ್ತ ಹೋದೆವು. ಯಾರ ಕಾರ್ಡಿಗೆ ಹಾಕಿದೆವೆಂದು ನೋಡಲಿಲ್ಲ.

ಮೂರು ವಾರಗಳ ತರುವಾಯ ಊರಿನಿಂದ ನೂರ ಇಪ್ಪತ್ತು ರೂಪಾಯಿಗಳ ಮನಿಯಾರ್ಡರು ಬಂತು. ಅದರ ಹಿಂದೆಯೇ ಒಂದು ಕಾಗದ. ಶಾಲೆಗೆ ಹೋಗುವ ಹುಡುಗಿಯ ದುಂಡಕ್ಷರ. ತಂದೆಯವರಿಗೆ ಮುಂಬಯಿಯಲ್ಲಿ ಪಾರ್ಶ್ವವಾಯು ಬಡಿದು, ಅಲ್ಲಿಯೇ ಆಸ್ಪತ್ರೆಯಲ್ಲಿದ್ದು, ಈಗ ಊರಿಗೆ ಬಂದಿರುವರೆಂದೂ, ಬಲಗೈ ಏಳುವುದಿಲ್ಲವೆಂದೂ, ಸಂಘದ ಬಾಕಿಯನ್ನು ಇಟ್ಟುಕೊಳ್ಳಬಾರದೆಂದು ಅವರು ಹೇಳಿದ್ದರಿಂದ ಹಣ ಕಳುಹಿಸಿರುವುದೆಂದೂ ಬರೆದು, ಕೊನೆಯಲ್ಲಿ, ‘ದಯವಿಟ್ಟು ಅಪ್ಪಯ್ಯನ ಹೆಸರು ತೆಗೆಯಬೇಡಿ’ ಎಂದು ಮುಗಿಸಿದ್ದಳು.

ವಿಚಾರಿಸಿದೆವು. ಅವರು ಹತ್ತೊಂಬತ್ತು ದಿನ ಆಸ್ಪತ್ರೆಯ ಮಂಚದ ಮೇಲಿದ್ದರು. ಆ ಆಸ್ಪತ್ರೆಯಿಂದ ನಮ್ಮ ಗಲ್ಲೆಗೆ ಹತ್ತು ನಿಮಿಷದ ಹಾದಿ. ಆ ಹತ್ತೊಂಬತ್ತು ದಿನಗಳಲ್ಲಿ ನಮ್ಮ ಕಾರ್ಯಕಾರಿ ಸಮಿತಿ ಎರಡು ಬಾರಿ ಸೇರಿತ್ತು. ವಾರ್ಷಿಕೋತ್ಸವಕ್ಕೆ ಯಾರನ್ನು ಕರೆಯಬೇಕು, ಶಾಲಿನ ಬೆಲೆಯೆಷ್ಟು ಎಂಬುದು ಎರಡು ಬಾರಿಯೂ ಚರ್ಚೆಗೆ ಬಂದಿತ್ತೆಂದು ನಡಾವಳಿಯ ಪುಸ್ತಕದಲ್ಲಿದೆ. ಬರೆದವರು ನಾವೇ. ಹೋಟೆಲಿನ ಮಾಳಿಗೆಯಲ್ಲಿ ಮಲಗುವವನಿಗೆ ಮುಂಬಯಿಯಲ್ಲಿ ವಿಳಾಸವೆಂಬುದಿಲ್ಲವಾದ್ದರಿಂದ ಅವರು ಸದಸ್ಯತ್ವದ ಅರ್ಜಿಯಲ್ಲಿ ಊರಿನ ವಿಳಾಸವನ್ನು ಬರೆದಿದ್ದರು. ಆ ಕಾರಣದಿಂದ ನಮ್ಮ ಕಾರ್ಡು ಅವರನ್ನು ತಪ್ಪದೆ ತಲಪಿತು. ನಾವು ತಲಪಲಿಲ್ಲ.

ಚಿಕಾಗೋದ ಒಂಟಿ ವಕೀಲ

ಸೇವಾಸಂಸ್ಥೆಯೆಂದರೆ ಸಮಾಜಕ್ಕೆ ಸೇವೆ ಮಾಡುವುದಕ್ಕಾಗಿ ಹುಟ್ಟಿದುದು, ಸದಸ್ಯರ ಯೋಗಕ್ಷೇಮ ಅದರ ಕೆಲಸವಲ್ಲ ಎಂದು ಅನೇಕರು ಭಾವಿಸಿದ್ದಾರೆ. ಜಗತ್ತಿನ ಸೇವಾಕ್ಲಬ್ಬುಗಳಿಗೆಲ್ಲ ಮಾದರಿಯಾದ ರೋಟರಿಯ ಹುಟ್ಟಿನ ಕಥೆಯನ್ನು ಕೇಳಿದರೆ ಈ ಭಾವನೆ ಉಳಿಯಲಾರದು.

ಪಾಲ್ ಹ್ಯಾರಿಸ್ ಎಂಬಾತ 1868ರಲ್ಲಿ ಹುಟ್ಟಿ, ಅಮೆರಿಕದ ವೆರ್ಮಾಂಟ್ ಪ್ರಾಂತದ ಸಣ್ಣ ಊರೊಂದರಲ್ಲಿ ಅಜ್ಜ ಅಜ್ಜಿಯರ ಮನೆಯಲ್ಲಿ ಬೆಳೆದವನು. ವಕೀಲಿ ಕಲಿತು 1896ರಲ್ಲಿ ಚಿಕಾಗೋ ಮಹಾನಗರಕ್ಕೆ ಬಂದ. ಕೆಲಸ ಸಿಕ್ಕಿತು, ಸಂಪಾದನೆಯೂ ಆಯಿತು. ಆದರೆ ಬೀದಿಯಲ್ಲಿ ಹೆಸರು ಹಿಡಿದು ಕರೆಯುವವರೊಬ್ಬರೂ ಇರಲಿಲ್ಲ. ವಾರವೆಲ್ಲ ದುಡಿದು ಆದಿತ್ಯವಾರ ಬಂತೆಂದರೆ ಎಲ್ಲಿಗೆ ಹೋಗುವುದೆಂಬುದೇ ಅವನಿಗೆ ತೋಚುತ್ತಿರಲಿಲ್ಲ. ಒಂದು ಸಂಜೆ ವಕೀಲ ಮಿತ್ರನೊಬ್ಬನೊಡನೆ ಅವನ ಬಡಾವಣೆಯಲ್ಲಿ ನಡೆದು ಹೋಗುತ್ತಿದ್ದಾಗ, ಆ ಮಿತ್ರ ದಾರಿಯುದ್ದಕ್ಕೂ ಅಂಗಡಿಯವರನ್ನು ಹೆಸರು ಹಿಡಿದು ಮಾತನಾಡಿಸುತ್ತ ಹೋದುದು ಅವನ ಮನಸ್ಸಿಗೆ ನಾಟಿತು. ಊರಿನಲ್ಲಿ ತಾನು ಕಂಡಿದ್ದ ಬಾಳು ಅದೇ ಅಲ್ಲವೆ? ನಗರದಲ್ಲಿಯೂ ಅದನ್ನು ಕಟ್ಟಿಕೊಳ್ಳಬಾರದೇಕೆ? 1905ರ ಫೆಬ್ರುವರಿ 23ರಂದು ಅವನೂ, ಕಲ್ಲಿದ್ದಲಿನ ವ್ಯಾಪಾರಿಯೊಬ್ಬನೂ, ಗಣಿಯ ಇಂಜಿನಿಯರನೊಬ್ಬನೂ, ದರ್ಜಿಯೊಬ್ಬನೂ ಹೀಗೆ ನಾಲ್ವರು ಸಣ್ಣ ಕಚೇರಿಯೊಂದರಲ್ಲಿ ಕುಳಿತರು. ಇಂದು ಒಬ್ಬನ ಕಚೇರಿಯಲ್ಲಿ, ಮುಂದೆ ಇನ್ನೊಬ್ಬನಲ್ಲಿ ಎಂದು ಸರದಿಯ ಮೇಲೆ ಸೇರುತ್ತಿದ್ದುದರಿಂದ ‘ರೋಟರಿ’ ಎಂಬ ಹೆಸರು ಬಂತು.

ಊರು ಬಿಟ್ಟು ಬಂದವನೊಬ್ಬನ ಒಂಟಿತನದಿಂದ ಈ ಸಂಸ್ಥೆ ಹುಟ್ಟಿತು. ಎರಡು ವರ್ಷಗಳ ಬಳಿಕ, 1907ರಲ್ಲಿ, ಅವರು ಸಾರ್ವಜನಿಕ ಸೇವೆಯೆಂದು ಮೊದಲು ಕೈ ಹಾಕಿದುದು ಚಿಕಾಗೋ ನಗರಕ್ಕೆ ಒಂದು ಸಾರ್ವಜನಿಕ ಶೌಚಗೃಹವನ್ನು ಒದಗಿಸುವ ಕೆಲಸಕ್ಕೆ. ಸ್ನೇಹ ಮೊದಲು, ಸೇವೆ ಅದರ ಫಲ. ಈ ಕ್ರಮವನ್ನು ತಿರುವುಮುರುವು ಮಾಡಿದವರು ಬಹುಕಾಲ ಬಾಳಿದ್ದಿಲ್ಲ. ರೋಟರಿ 1929ರಲ್ಲಿ ಮುಂಬಯಿಗೆ ಬಂತು. 1917ರಲ್ಲಿ ಅದೇ ಚಿಕಾಗೋದಲ್ಲಿ ಹುಟ್ಟಿದ ಲಯನ್ಸ್ ಸಂಸ್ಥೆ ಭಾರತದಲ್ಲಿ ಕಾಲಿಟ್ಟುದೂ ಈ ಮುಂಬಯಿಯಲ್ಲೇ, 1956ರಲ್ಲಿ.

ನಮ್ಮವರಿಗೆ ಇದು ಹೊಸ ಪಾಠವಲ್ಲ

ಇದನ್ನು ಕಲಿಯಲು ನಾವು ಚಿಕಾಗೋದವರೆಗೆ ಹೋಗಬೇಕಾಗಿರಲಿಲ್ಲ. ಪಾಲ್ ಹ್ಯಾರಿಸನ ಕೂಟಕ್ಕಿಂತ ಮೂರು ವರ್ಷ ಮೊದಲೇ, 1902ರಲ್ಲಿ, ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಸ್ಥಾಪನೆಯಾಗಿತ್ತು. ಅನಂತರ 1926ರಲ್ಲಿ ಮೈಸೂರು ಅಸೋಸಿಯೇಷನ್, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಹೀಗೆ ಒಂದರ ಹಿಂದೊಂದು ಹುಟ್ಟಿದವು. ಕೊಂಕಣ ರೈಲು ಪೂರ್ತಿಯಾದುದು 1998ರಲ್ಲಿ. ಅದಕ್ಕೆ ಮೊದಲು ಊರೆಂಬುದು ಬಲು ದೂರವಿತ್ತು. ಹಾಗಿರಲು ಇಲ್ಲಿಗೆ ಬಂದ ಹುಡುಗನಿಗೆ ಸಂಘವೇ ಊರು.

ಆ ಹಿರಿಯರು ಮೊದಲು ಮಾಡಿದುದೇನು? ರಾತ್ರಿ ಶಾಲೆಗಳನ್ನು ತೆರೆದರು. ಹಗಲೆಲ್ಲ ಲೋಟ ತೊಳೆದ ಹುಡುಗ ರಾತ್ರಿ ದೀಪದ ಕೆಳಗೆ ಕನ್ನಡ ಅಕ್ಷರವನ್ನೂ ಇಂಗ್ಲಿಷಿನ ನಾಲ್ಕು ಮಾತುಗಳನ್ನೂ ಕಲಿತು, ಮುಂದೆ ಗುಮಾಸ್ತನಾದ, ವಕೀಲನಾದ, ಹೋಟೆಲಿನ ಧಣಿಯಾದ. ಅಂಥವರ ಕೈಯಿಂದಲೇ ಮುಂದೆ ಸಂಘಗಳಿಗೆ ಕಟ್ಟಡಗಳಾದವು, ಕಾಲೇಜುಗಳಾದವು. ಸಾಲಕ್ಕಾಗಿ ಪಠಾಣನ ಕೈಗೆ ಸಿಕ್ಕಿಬೀಳುವುದು ತಪ್ಪಬೇಕಾದರೆ ನಮ್ಮದೇ ಒಂದು ಬ್ಯಾಂಕು ಬೇಕೆಂಬ ವಿಚಾರಕ್ಕೂ ಕ್ರಮೇಣ ಬಲ ಬಂತು. ಬಿಲ್ಲವರ ಅಸೋಸಿಯೇಷನ್ನಿನ ಪ್ರಯತ್ನದಿಂದ 1978ರಲ್ಲಿ ಭಾರತ್ ಬ್ಯಾಂಕು ಹುಟ್ಟಿತು. ಇವೆಲ್ಲವೂ ಸದಸ್ಯನ ಅಗತ್ಯವನ್ನು ನೋಡಿ ಮಾಡಿದ ಕೆಲಸಗಳು. ಅವನಿಗೆ ಅಕ್ಷರ ಬೇಕಿತ್ತು, ಅಕ್ಷರ ಕೊಟ್ಟರು. ಇಂದು ಅವನಿಗೆ ಬೇಕಾದುದೇನೆಂದು ಕೇಳುವವರು ವಿರಳರಾಗಿದ್ದಾರೆ.

ಹಿಂದೆ ಒಂದು ಅನುಕೂಲವಿತ್ತು. ಒಬ್ಬ ಸದಸ್ಯ ಹೋದರೆ ಊರಿನಿಂದ ಬರುವ ಬಸ್ಸಿನಲ್ಲಿ ಇಬ್ಬರು ಹೊಸಬರು ಇಳಿಯುತ್ತಿದ್ದರು. ಸಂಘಕ್ಕೆ ನಷ್ಟ ತೋರುತ್ತಿರಲಿಲ್ಲ. ಇಂದು ನಮ್ಮ ಹೋಟೆಲುಗಳ ಅಡಿಗೆಮನೆಗಳಲ್ಲಿ ಒಡಿಶಾ, ಬಂಗಾಳ, ಉತ್ತರ ಪ್ರದೇಶ, ನೇಪಾಳಗಳ ಹುಡುಗರಿದ್ದಾರೆ. ಊರಿನ ಹುಡುಗರು ಬೆಂಗಳೂರಿಗೂ ಕೊಲ್ಲಿಯ ದೇಶಗಳಿಗೂ ಹೋಗುತ್ತಿದ್ದಾರೆ. ಅದು ಅವರ ಏಳಿಗೆ. ನಾವು ಮರುಗಬೇಕಾದ ಸಂಗತಿಯಲ್ಲ. ಆದರೆ ಹೊಸ ನೀರು ಬರುವುದು ಕಡಿಮೆಯಾದ ಬಾವಿಯಲ್ಲಿ ಇರುವ ನೀರನ್ನು ಜೋಪಾನ ಮಾಡಬೇಕಾಗುವುದು ಸಹಜ.

ಅವರು ಏಕೆ ಬರುವುದಿಲ್ಲ?

ಸದಸ್ಯರು ಸಂಘ ಬಿಡುವುದು ಜಗಳದಿಂದ ಎಂದು ಪದಾಧಿಕಾರಿಗಳು ಹೇಳುವುದುಂಟು. ನಮ್ಮ ಅನುಭವದಲ್ಲಿ ಜಗಳವಾಡಿದವನು ಮರುವರ್ಷ ಚುನಾವಣೆಗೆ ನಿಲ್ಲುತ್ತಾನೆ. ಹೋಗುವವನು ಮಾತಿಲ್ಲದೆ ಹೋಗುತ್ತಾನೆ. ಅದಕ್ಕೆ ನಾಲ್ಕು ಕಾರಣಗಳನ್ನು ನಾವು ಕಂಡಿದ್ದೇವೆ.

ಮೊದಲನೆಯದು ಹೊತ್ತು. ಸಭೆಗಳನ್ನು ಆದಿತ್ಯವಾರ ಸಂಜೆ ಇರಿಸುವುದು ವಾಡಿಕೆ. ಗುಮಾಸ್ತರಿಗೆ ಅದು ಬಿಡುವಿನ ಹೊತ್ತು. ಆದರೆ ಲಿಂಕಿಂಗ್ ರೋಡು, ಹಿಲ್ ರೋಡುಗಳ ಹೋಟೆಲುಗಳಲ್ಲಿ ವಾರದ ಅತ್ಯಂತ ಗಿರಾಕಿಯ ಹೊತ್ತೂ ಅದೇ. ಸೆಪ್ಟೆಂಬರಿನಲ್ಲಿ ಮೌಂಟ್ ಮೇರಿಯ ಜಾತ್ರೆಯ ವಾರವಾದರಂತೂ ಮಾಣಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಬಾಂದ್ರಾ ಕುರ್ಲಾ ಸಂಕೀರ್ಣದ ಕಚೇರಿಗಳನ್ನು ನಂಬಿದ ಉಪಾಹಾರಗೃಹಗಳಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಶನಿವಾರ ಆದಿತ್ಯವಾರ ಗಿರಾಕಿಯಿಲ್ಲ. ಸಾಮಾನ್ಯವಾಗಿ ಹೋಟೆಲು ಕೆಲಸದವನಿಗೆ ತನ್ನದೆಂಬ ಹೊತ್ತು ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ, ಮೂರರಿಂದ ಐದು ಗಂಟೆಯವರೆಗೆ. ಆ ಹೊತ್ತಿನಲ್ಲಿ ಸಭೆ ಕರೆದ ಸಂಘಗಳೆಷ್ಟಿವೆ? ಹೋಟೆಲು ಕೆಲಸದವರಿಗೆ ಸಂಘದಲ್ಲಿ ಆಸಕ್ತಿಯಿಲ್ಲವೆಂದು ವೇದಿಕೆಯಿಂದ ಹೇಳಿದವರನ್ನು ನಾವು ಕೇಳಿದ್ದೇವೆ. ಹೇಳಿದ ಹೊತ್ತು ಆದಿತ್ಯವಾರ ಸಂಜೆ ಏಳೂವರೆ.

ಎರಡನೆಯದು ದೂರ. ಬಾಂದ್ರಾದ ಹಳೆಯ ಚಾಳುಗಳು ಒಡೆದು ಗೋಪುರಗಳೇಳುತ್ತಿವೆ. ಖೋಲಿ ಬಿಟ್ಟವರು ಮೀರಾರೋಡು, ವಸಾಯಿ, ನಾಲಾಸೋಪಾರ, ವಿರಾರಗಳಿಗೆ, ಇಲ್ಲವೆ ಡೊಂಬಿವಲಿ, ಕಲ್ಯಾಣಗಳಿಗೆ ಹೋಗಿದ್ದಾರೆ. ನೌಕರಿ ಇಲ್ಲಿ, ನಿದ್ದೆ ಅಲ್ಲಿ. ಏಳಕ್ಕೆಂದು ಹೇಳಿದ ಸಭೆ ಎಂಟಕ್ಕೆ ತೊಡಗಿ ಹತ್ತಕ್ಕೆ ಮುಗಿದರೆ, ವಿರಾರದ ಗುಮಾಸ್ತ ಮನೆ ಸೇರುವುದು ಮಧ್ಯರಾತ್ರಿ. ಒಂದು ಬಾರಿ ಬಂದಾನು, ಎರಡು ಬಾರಿ ಬಂದಾನು.

ಮೂರನೆಯದು, ಬಂದವನಿಗೆ ಅಲ್ಲೇನು ಕೆಲಸ ಎಂಬುದು. ವೇದಿಕೆಯಲ್ಲಿ ಹದಿನೈದು ಕುರ್ಚಿ, ಹದಿನೈದು ಹಾರ, ಹದಿನೈದು ಪರಿಚಯ ಭಾಷಣ. ಕೆಳಗೆ ಕುಳಿತವನು ಚಪ್ಪಾಳೆ ತಟ್ಟುವುದಕ್ಕಾಗಿ ಬಂದವನಂತೆ ಆಗುತ್ತಾನೆ. ಊಟದ ಹೊತ್ತಿಗೆ ಮಾತ್ರ ಅವನ ನೆನಪಾಗುತ್ತದೆ: ‘ನೀವು ಹೋಟೆಲಿನವರಲ್ಲವೆ, ಸ್ವಲ್ಪ ಬಡಿಸಿ.’ ವಾರವೆಲ್ಲ ಬಡಿಸಿದವನು ತನ್ನ ಸಂಘದಲ್ಲಿಯೂ ಬಡಿಸುವವನೇ ಆಗಿ, ಕೊನೆಯ ಪಂಕ್ತಿಯಲ್ಲಿ ತಣ್ಣಗಾದ ಸಾರಿನೊಡನೆ ಉಂಡು ಹೋಗುತ್ತಾನೆ. ಯಾರೂ ಅವನನ್ನು ಅವಮಾನಿಸಿಲ್ಲ. ಆದರೂ ಅವನು ಮರಳಿ ಬರುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು: ನಾಚಿಕೆ. ನೌಕರಿ ಹೋದವನು, ಸಾಲಕ್ಕೆ ಸಿಕ್ಕಿದವನು, ಮನೆಯಲ್ಲಿ ರೋಗಿಯನ್ನಿರಿಸಿಕೊಂಡವನು ಮೊದಲು ಬಿಡುವುದು ಸಂಘವನ್ನೇ. ಚಂದಾ ಕೊಡದೆ ಮುಖ ತೋರಿಸುವುದು ಹೇಗೆಂದು ಅವನಿಗೆ ಸಂಕೋಚ. ಯಾವಾಗ ಸಂಘ ಅವನಿಗೆ ಅತ್ಯಂತ ಅಗತ್ಯವೋ ಆಗಲೇ ಅವನು ಸಂಘದಿಂದ ದೂರ ಸರಿಯುತ್ತಾನೆ. ಆದುದರಿಂದ ಚಂದಾ ಬಾಕಿಯವರ ಪಟ್ಟಿಯೆಂದರೆ ಬಹುಮಟ್ಟಿಗೆ ಕಷ್ಟದಲ್ಲಿರುವವರ ಪಟ್ಟಿ. ನಾವು ಅದನ್ನು ಹೆಸರು ತೆಗೆಯುವ ಪಟ್ಟಿಯೆಂದು ತಿಳಿದಿದ್ದೆವು.

ನಾವು ಮಾಡಿ ನೋಡಿದುದು

ಆ ಮನಿಯಾರ್ಡರು ಬಂದ ತರುವಾಯ ನಮ್ಮ ಸಂಘದಲ್ಲಿ ಕೆಲವು ಕ್ರಮಗಳನ್ನು ಕೈಗೊಂಡೆವು. ಅವು ಬುದ್ಧಿವಂತಿಕೆಯಿಂದ ಹುಟ್ಟಿದುವಲ್ಲ, ಪಶ್ಚಾತ್ತಾಪದಿಂದ ಹುಟ್ಟಿದುವು. ಆದರೂ ಇತರ ಸಂಘಗಳಿಗೆ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತೇವೆ.

ಎರಡು ರೂಲು ಹಾಕಿದ ಒಂದು ಸಾದಾ ಪುಸ್ತಕ ಕೊಂಡೆವು. ಹಾಜರಿ ಪುಸ್ತಕ ಎಲ್ಲ ಸಂಘಗಳಲ್ಲಿಯೂ ಇದೆ. ಇದು ಗೈರುಹಾಜರಿಯ ಪುಸ್ತಕ. ಸಭೆ ಮುಗಿದ ಮೇಲೆ ಐದು ನಿಮಿಷ ಕುಳಿತು, ಬಾರದವರ ಹೆಸರುಗಳನ್ನು ಬರೆಯುವುದು. ಪ್ರತಿ ಹತ್ತು ಮಂದಿ ಸದಸ್ಯರಿಗೆ ಒಬ್ಬ ಸಂಪರ್ಕದವನು. ಆದಷ್ಟು ಮಟ್ಟಿಗೆ ಅದೇ ಬೀದಿಯವನು ಅಥವಾ ಅದೇ ರೈಲಿನವನು. ಯಾವನಾದರೂ ಎರಡು ಸಭೆಗಳಿಗೆ ಸತತವಾಗಿ ಬಾರದಿದ್ದರೆ ಸಂಪರ್ಕದವನು ಸ್ವತಃ ಹೋಗಿ ಕಾಣಬೇಕು. ಆ ಭೇಟಿಯಲ್ಲಿ ಚಂದಾದ ಮಾತನ್ನು ಎತ್ತಕೂಡದು. ಮುಂದಿನ ಸಭೆಗೆ ಬನ್ನಿ ಎಂದೂ ಹೇಳಕೂಡದು. ‘ಕಾಣಲಿಲ್ಲವಲ್ಲ, ಆರಾಮವೇ?’ ಎಂದಷ್ಟೇ ಕೇಳತಕ್ಕದ್ದು. ಉಳಿದುದನ್ನು ಅವನೇ ಹೇಳುತ್ತಾನೆ.

ಮೊದಲ ವರ್ಷ ಆ ಪುಸ್ತಕದಿಂದ ಏನೇನು ಹೊರಬಿತ್ತು? ಕಟ್ಟಡ ಒಡೆಯುವುದಕ್ಕಾಗಿ ಹೋಟೆಲು ಮುಚ್ಚಿ, ಕೆಲಸವಿಲ್ಲದೆ ಬೇರೆಯವರ ಖೋಲಿಯಲ್ಲಿ ಮಲಗುತ್ತಿದ್ದ ಸಪ್ಲಾಯರನೊಬ್ಬ ಸಿಕ್ಕಿದ. ಸದಸ್ಯರೊಬ್ಬರ ಹೋಟೆಲಿನಲ್ಲಿಯೇ ಆಳು ಬೇಕಾಗಿತ್ತು, ಅದು ಇಬ್ಬರಿಗೂ ತಿಳಿದಿರಲಿಲ್ಲ. ಗುಮಾಸ್ತರೊಬ್ಬರ ಮಡದಿಗೆ ವಾರಕ್ಕೆರಡು ಬಾರಿ ಡಯಾಲಿಸಿಸ್ ಆಗುತ್ತಿತ್ತು. ಅವರಿಗೆ ಹಣಕ್ಕಿಂತ ಹೆಚ್ಚಾಗಿ, ಆ ನಾಲ್ಕು ಗಂಟೆ ಮಗುವನ್ನು ನೋಡಿಕೊಳ್ಳುವವರು ಬೇಕಾಗಿತ್ತು. ಮಹಿಳಾ ವಿಭಾಗದವರು ಅದನ್ನು ಸರದಿಯ ಮೇಲೆ ಹಂಚಿಕೊಂಡರು. ಇನ್ನೊಬ್ಬರು ಆಮಂತ್ರಣಪತ್ರಿಕೆಯಲ್ಲಿ ತಮ್ಮ ಹೆಸರು ಬಿಟ್ಟುಹೋದುದಕ್ಕೆ ಮುನಿಸಿಕೊಂಡಿದ್ದರು. ಒಂದು ಲೋಟ ಕಾಫಿಯಲ್ಲಿ ಅದು ಮುಗಿಯಿತು. ಮತ್ತೊಬ್ಬರು, ‘ನನ್ನನ್ನು ನನ್ನ ಪಾಡಿಗೆ ಬಿಟ್ಟುಬಿಡಿ’ ಎಂದರು, ಬಿಟ್ಟೆವು. ಕೇಳುವ ಹಕ್ಕು ಸಂಘಕ್ಕಿದ್ದಂತೆ, ಕೇಳಿಸಿಕೊಳ್ಳದಿರುವ ಹಕ್ಕು ಸದಸ್ಯನಿಗಿದೆ.

ಸಭೆಗಳನ್ನು ಎರಡು ಮಾಡಿದೆವು. ತಿಂಗಳ ಒಂದು ಸಭೆ ಆದಿತ್ಯವಾರ ಸಂಜೆ. ಇನ್ನೊಂದು ವಾರದ ನಡುವೆ ಮಧ್ಯಾಹ್ನ ಮೂರೂವರೆಗೆ, ಸರದಿಯಂತೆ ಒಬ್ಬೊಬ್ಬ ಸದಸ್ಯರ ಹೋಟೆಲಿನ ಒಳಕೋಣೆಯಲ್ಲಿ. ಪಾಲ್ ಹ್ಯಾರಿಸನ ಕೂಟ ಕಚೇರಿಯಿಂದ ಕಚೇರಿಗೆ ಸುತ್ತಿದಂತೆ ನಮ್ಮದು ಹೋಟೆಲಿನಿಂದ ಹೋಟೆಲಿಗೆ ಸುತ್ತಿತು. ಮಧ್ಯಾಹ್ನದ ಸಭೆಯಲ್ಲಿ ವೇದಿಕೆಯಿಲ್ಲ, ಹಾರವಿಲ್ಲ. ಆಧಾರ್ ಕಾರ್ಡಿನ ವಿಳಾಸ ಬದಲಾಯಿಸುವುದು ಹೇಗೆ, ಬ್ಯಾಂಕಿನಲ್ಲಿ ಖಾತೆ ತೆರೆಯುವುದು ಹೇಗೆ, ಊರಿನಲ್ಲಿರುವ ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಬರೆಯುವುದು ಹೇಗೆ ಎಂಬುದನ್ನು ಗುಮಾಸ್ತ ಸದಸ್ಯರು ಬಂದು ಹೇಳಿಕೊಡುತ್ತಿದ್ದರು. ಸಂಘದಲ್ಲಿ ಎರಡು ಕುಲವಾಗಿದ್ದ ಹೋಟೆಲಿನವರೂ ಕಚೇರಿಯವರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯತೊಡಗಿದುದು ಆ ಒಳಕೋಣೆಯಲ್ಲಿ.

ಕೆಲಸ ಹಂಚುವಾಗ ಒಂದು ನಿಯಮ ಮಾಡಿಕೊಂಡೆವು. ಯಾರು ಹೊಟ್ಟೆಪಾಡಿಗೆ ಏನು ಮಾಡುತ್ತಾರೋ ಅದನ್ನು ಸಂಘದಲ್ಲಿ ಅವರಿಗೆ ಹೇಳಕೂಡದು. ಬಡಿಸುವವರು ಗುಮಾಸ್ತರಾದರು, ಯಕ್ಷಗಾನ ಬಲ್ಲ ಅಡಿಗೆಯವರೊಬ್ಬರು ಮಕ್ಕಳಿಗೆ ಹೆಜ್ಜೆ ಹೇಳಿಕೊಟ್ಟರು, ಗಲ್ಲೆಯವರೊಬ್ಬರು ಪ್ರಾರ್ಥನೆ ಹಾಡಿದರು. ಹೊಸದಾಗಿ ಸೇರಿದವನಿಗೆ ಮೊದಲ ಆರು ತಿಂಗಳು ಒಬ್ಬ ಹಳೆಯ ಸದಸ್ಯ ಜೊತೆ. ಅವನೊಡನೆ ಬರುವುದು, ನಾಲ್ಕು ಮಂದಿಗೆ ಪರಿಚಯಿಸುವುದು, ಅವನೊಡನೆ ರೈಲು ಹತ್ತುವುದು ಅವನ ಹೊಣೆ. ಒಂದು ಕೆಲಸ ವಹಿಸದೆ ಯಾವ ಹೊಸಬನನ್ನೂ ಮೂರನೆಯ ಸಭೆಗೆ ಬರಗೊಡಲಿಲ್ಲ.

ಆಸ್ಪತ್ರೆಗೆಂದೇ ಇಬ್ಬರನ್ನು ನೇಮಿಸಿದೆವು. ದೊಡ್ಡ ಆಸ್ಪತ್ರೆಗಳಲ್ಲಿ ನಮ್ಮವನಿಗೆ ಔಷಧಕ್ಕಿಂತ ಮೊದಲು ಬೇಕಾಗುವುದು ಮರಾಠಿಯಲ್ಲಿ ಮಾತನಾಡಿ, ಯಾವ ಕಿಟಕಿಗೆ ಯಾವ ಚೀಟಿಯೆಂದು ತಿಳಿದು, ರಾತ್ರಿ ಬೆಂಚಿನ ಮೇಲೆ ಕುಳಿತಿರುವ ಒಬ್ಬ ಮನುಷ್ಯ. ಇದಕ್ಕೆ ನಿಧಿ ಬೇಡ, ಠರಾವು ಬೇಡ.

ದೂರ ಹೋದವರ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಉತ್ತರವಿರಲಿಲ್ಲ. ರೋಟರಿಯಲ್ಲಿ ಒಂದು ಪದ್ಧತಿಯುಂಟು: ತನ್ನ ಕ್ಲಬ್ಬಿನ ಸಭೆ ತಪ್ಪಿದವನು ಬೇರೆ ಊರಿನ ಕ್ಲಬ್ಬಿನ ಸಭೆಗೆ ಹೋದರೆ ಅದು ಅವನ ಹಾಜರಿಯೆಂದೇ ಎಣಿಕೆಯಾಗುತ್ತದೆ. ಹಾಜರಿಯ ವಿಷಯದಲ್ಲಿ ಬಲು ಕಟ್ಟುನಿಟ್ಟೆಂದು ಹೆಸರಾದ ಆ ಸಂಸ್ಥೆಯೂ 2016ರಲ್ಲಿ ಸಭೆಗಳ ಸಂಖ್ಯೆ, ರೀತಿ, ಹಾಜರಿಗಳನ್ನು ಆಯಾ ಕ್ಲಬ್ಬಿನ ಅನುಕೂಲಕ್ಕೆ ಬಿಟ್ಟುಕೊಟ್ಟಿತು. ನಮ್ಮ ಸಂಘಗಳೂ ಹೀಗೇಕೆ ಮಾಡಬಾರದು? ಬಾಂದ್ರಾದ ಸದಸ್ಯ ವಸಾಯಿಗೆ ಮನೆ ಮಾಡಿದರೆ, ವಸಾಯಿಯ ಕನ್ನಡಿಗರ ಸಂಘಕ್ಕೆ ಬಾಂದ್ರಾದವರೇ ಒಂದು ಕಾಗದ ಬರೆದು ಅವನನ್ನು ಒಪ್ಪಿಸಬೇಕು. ಮದುವೆಯಾಗಿ ಹೋಗುವ ಮಗಳನ್ನು ಒಪ್ಪಿಸುವುದಿಲ್ಲವೆ? ಸದಸ್ಯ ನಮ್ಮ ಪಟ್ಟಿಯಲ್ಲಿ ಉಳಿಯಬೇಕೆಂಬ ಹಟಕ್ಕಿಂತ, ಯಾವುದಾದರೊಂದು ಕನ್ನಡ ಪಟ್ಟಿಯಲ್ಲಿ ಉಳಿಯಬೇಕೆಂಬ ಕಾಳಜಿ ದೊಡ್ಡದು.

ಒಂದು ಆಕ್ಷೇಪ

ಸದಸ್ಯರ ಆರೈಕೆಯಲ್ಲಿಯೇ ಮುಳುಗಿದರೆ ಸಮಾಜಸೇವೆ ಯಾವಾಗ ಎಂದು ಕೇಳುವವರಿದ್ದಾರೆ. ಅವರಿಗೆ 2020ರ ಮಾರ್ಚ್ ತಿಂಗಳನ್ನು ನೆನಪಿಸುತ್ತೇವೆ. ದೇಶವೆಲ್ಲ ಬಾಗಿಲು ಹಾಕಿಕೊಂಡಿತು, ಹೋಟೆಲುಗಳು ಮುಚ್ಚಿದವು, ರೈಲು ನಿಂತಿತು. ಮಾಳಿಗೆಗಳ ಮೇಲೆ, ಖೋಲಿಗಳಲ್ಲಿ ನಮ್ಮವರು ಅಲ್ಲಲ್ಲಿಯೇ ಉಳಿದರು. ಅಕ್ಕಿಬೇಳೆಯ ಚೀಲಗಳನ್ನು ಕೊಡುವ ದಾನಿಗಳಿಗೆ ಆಗ ಕೊರತೆಯಿರಲಿಲ್ಲ. ಯಾರಿಗೆ ಬೇಕು, ಅವನು ಎಲ್ಲಿದ್ದಾನೆ ಎಂಬುದೇ ತಿಳಿಯದೆ ಅನೇಕರು ತೊಳಲಿದರು. ತಮ್ಮ ಸದಸ್ಯರು ಎಲ್ಲಿ ಮಲಗುತ್ತಾರೆಂಬುದನ್ನು ಬಲ್ಲ ಸಂಘಗಳು ಮೊದಲ ವಾರದಲ್ಲಿಯೇ ತಲಪಿದವು. ವಾರ್ಷಿಕೋತ್ಸವದ ಆಮಂತ್ರಣದ ಪಟ್ಟಿಯನ್ನಷ್ಟೇ ಹೊಂದಿದ್ದವರು ತಲಪಲಾರದೆ ಹೋದರು. ಸದಸ್ಯನನ್ನು ಬಲ್ಲ ಸಂಘ ಮಾತ್ರ ಸಮಾಜಕ್ಕೆ ಒದಗಬಲ್ಲುದು.

ಇಂದು ಎಲ್ಲರ ಕೈಯಲ್ಲಿಯೂ ದೂರವಾಣಿಯಿದೆ, ವಾಟ್ಸ್ಆ್ಯಪ್ ಗುಂಪುಗಳಿವೆ, ಹಿಂದಿನಂತೆ ಬಾಗಿಲು ತಟ್ಟಬೇಕಾಗಿಲ್ಲ ಎಂಬ ಇನ್ನೊಂದು ಮಾತೂ ಕೇಳಿಬರುತ್ತದೆ. ಗುಂಪಿನಲ್ಲಿ ಇನ್ನೂರು ಮಂದಿಗೆ ಒಟ್ಟಿಗೆ ಕಳುಹಿಸಿದ ಶುಭೋದಯ ಯಾರೊಬ್ಬರಿಗೂ ಕಳುಹಿಸಿದುದಲ್ಲ. ನಾವು ಕಳುಹಿಸಿದ ಅಚ್ಚಿನ ಅಂಚೆಕಾರ್ಡಿಗೂ ಅದಕ್ಕೂ ಹೆಚ್ಚಿನ ಭೇದವಿಲ್ಲ. ಯಂತ್ರವನ್ನು ಬೇಡವೆನ್ನುತ್ತಿಲ್ಲ, ಅದರಿಂದ ಒಬ್ಬನನ್ನೇ ಕರೆದು, ಒಬ್ಬನ ಹೆಸರನ್ನೇ ಹೇಳಿ ಮಾತನಾಡಿದರೆ ಅದೂ ಬಾಗಿಲು ತಟ್ಟಿದಂತೆಯೇ.

ಕೊನೆಗೆ ಒಂದು ಮಾತು

ಆ ಕಾಗದ ಬಂದ ಮುಂದಿನ ಬೇಸಿಗೆಯಲ್ಲಿ ನಾವು ಊರಿಗೆ ಹೋದಾಗ, ಮತ್ಸ್ಯಗಂಧದಿಂದ ಕುಂದಾಪುರದಲ್ಲಿಳಿದು ಅವರ ಮನೆಗೆ ಹೋದೆವು. ಅಂಗಳದ ತೆಂಗಿನ ಗರಿಯ ಚಪ್ಪರದ ಕೆಳಗೆ ಕುರ್ಚಿಯಲ್ಲಿ ಕುಳಿತಿದ್ದರು. ನಮ್ಮನ್ನು ಕಂಡು ಎಡಗೈಯನ್ನು ಎತ್ತಿದರು, ಬಲಗೈ ಮಡಿಲಲ್ಲಿತ್ತು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತುಗಳನ್ನು ಕೂಡಿಸಿಕೊಂಡು ಹೋಗಿದ್ದ ನಮಗೆ ಒಂದೂ ಬಾಯಿಗೆ ಬರಲಿಲ್ಲ. ಆಸ್ಪತ್ರೆಯಿಂದ ಏಕೆ ಹೇಳಿ ಕಳುಹಿಸಲಿಲ್ಲವೆಂದಷ್ಟೇ ಕೇಳಿದೆವು. ತೊದಲುವ ಅವರ ಮಾತನ್ನು ಮಗಳು ಬಿಡಿಸಿ ಹೇಳಿದಳು: ‘ಎಲ್ಲರಿಗೂ ಅವರವರ ಕೆಲಸ ಇರುತ್ತದಲ್ಲ, ಅಂತಾರೆ ಅಪ್ಪಯ್ಯ.’ ಹೊರಡುವಾಗ ಅವರು ಮತ್ತೇನೋ ಕೇಳಿದರು. ಮಗಳು ನಕ್ಕು, ‘ಈಗ ಜಮಖಾನೆ ಯಾರು ಹಾಸುತ್ತಾರೆ ಅಂತ ಕೇಳ್ತಿದ್ದಾರೆ’ ಎಂದಳು.

ಅವರ ಹೆಸರನ್ನು ತೆಗೆಯಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಮನಿಯಾರ್ಡರಿನ ಚೀಟಿ ಇಂದಿಗೂ ನಮ್ಮ ಮೇಜಿನ ಖಾನೆಯಲ್ಲಿದೆ. ಹೋಟೆಲನ್ನು ಬಿಟ್ಟು ಪತ್ರಿಕೆಯ ಕೆಲಸಕ್ಕೆ ಬಂದಾಗ ಗಲ್ಲೆಯಿಂದ ನಾವು ಜೊತೆಗೆ ತಂದ ವಸ್ತು ಅದೊಂದೇ.

ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ತಾವು ಯಾವ ಸಂಘದವರೇ ಆಗಿರಲಿ, ಯಾವ ಜಾತಿಯ, ಯಾವ ಊರಿನ ಹೆಸರಿನದೇ ಆಗಿರಲಿ, ಕಳೆದ ಸಭೆಯಲ್ಲಿ ಕಾಣಿಸದಿದ್ದ ಒಬ್ಬರ ಮುಖವನ್ನು ಈಗ ನೆನಪಿಗೆ ತಂದುಕೊಳ್ಳಿರಿ. ಕಾರ್ಯದರ್ಶಿಗಳು ವಿಚಾರಿಸಿಯಾರೆಂದು ಕಾಯಬೇಡಿರಿ. ಅವರು ಗಲ್ಲೆಯಲ್ಲಿ ಚಿಲ್ಲರೆ ಎಣಿಸುತ್ತಿರಬಹುದು. ಹೋಟೆಲಿನವರಾದರೆ ಇಂದು ಮಧ್ಯಾಹ್ನ ಮೂರು ಗಂಟೆಗೆ, ಕಚೇರಿಯವರಾದರೆ ಸಂಜೆ ರೈಲು ಹಿಡಿಯುವ ಮುನ್ನ, ಅವರಿರುವಲ್ಲಿಗೆ ಒಮ್ಮೆ ಹೋಗಿ ಬನ್ನಿರಿ. ಬರಿಗೈಯಲ್ಲಿ ಹೋದರೂ ಸಾಕು.